ಅಳಿಯನ ಹಾಸಿಗೆಯ ಲೆಕ್ಕ

ಜೂನ್ ತಿಂಗಳಲ್ಲಿ ನಮ್ಮ ಕಾಸರಗೋಡಿನ ಕಡೆ ಹತ್ತಿ ಹಾಸಿಗೆ ಒದ್ದೆಯಾದರೆ ಮುಗಿಯಿತು. ಅಂಗಳದಲ್ಲಿ ಬಿಸಿಲಿಲ್ಲ, ಜಗಲಿಗೆ ಎರಚಲು ಹೊಡೆಯುತ್ತದೆ. ಉಳಿಯುವುದು ಬಚ್ಚಲಿನ ಒಲೆ ಒಂದೇ. ಹಂಡೆಗೆ ಬೆಂಕಿ ಹಾಕಿ, ಎದುರು ಎರಡು ಕುರ್ಚಿ ಇಟ್ಟು, ಹಾಸಿಗೆಯನ್ನು ಅಡ್ಡ ಹಾಕಿ, ಆಗಾಗ ಮಗುಚುತ್ತಾ ಇರಬೇಕು. ಕಳೆದ ಮಳೆಗಾಲದಲ್ಲಿ ಈ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೊಗೆಯ ವಾಸನೆ, ಉಚ್ಚೆಯ ವಾಸನೆ ಎರಡೂ ಸೇರಿದ ಹಾಸಿಗೆ ಹೇಗಿರುತ್ತದೆ ಅಂತ ಮಾತ್ರ ಕೇಳಬೇಡಿ.

ಹಾಸಿಗೆ ನನ್ನ ಅಳಿಯನದು. ಅಂದರೆ ತಂಗಿಯ ಮಗನದು. ಐದೂವರೆ ವರ್ಷ. ಹೆಸರು ಬರೆಯುವುದಿಲ್ಲ. ನಾಳೆ ದೊಡ್ಡವನಾಗಿ ಇದನ್ನು ಓದಿ ಮಾವನ ಮೇಲೆ ಸಿಟ್ಟು ಮಾಡುವುದು ಬೇಡ. ಹಾಗಾದರೆ ಯಾಕೆ ಬರೆಯುತ್ತೀರಿ ಅಂತ ಕೇಳಬಹುದು. ಇದೇ ಸಂಕಟದಲ್ಲಿರುವ ಇನ್ನೊಂದು ಮನೆಯವರು ಮೊನ್ನೆ ನನ್ನ ಅಂಗಡಿಗೆ ಬಂದು, ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನನ್ನದು ಬದಿಯಡ್ಕ ಪೇಟೆಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಬ್ರಹ್ಮಕಲಶದ ಆಮಂತ್ರಣ, ಉತ್ತರಕ್ರಿಯೆಯ ಕಾರ್ಡು, ಯಕ್ಷಗಾನದ ನೋಟಿಸು, ಫೋಟೋಸ್ಟ್ಯಾಟ್. ಮನೆಯಲ್ಲಿ ಅಮ್ಮ ಮತ್ತು ನಾನು. ನನಗೆ ಮದುವೆ ಆಗಿಲ್ಲ, ಅದು ಬೇರೆ ಕಥೆ. ತಂಗಿ ಮಂಗಳೂರಿನಲ್ಲಿದ್ದಳು. ಬಿಸು ಹಬ್ಬಕ್ಕೆ ಅಂತ ಮಗನನ್ನು ಕರೆದುಕೊಂಡು ಬಂದವಳು ವಾಪಸು ಹೋಗಲಿಲ್ಲ. ಯಾಕೆ ಎಂಬುದು ಅವರಿಬ್ಬರ ವಿಷಯ. ಭಾವ ಕೆಟ್ಟವರಲ್ಲ, ತಂಗಿಯೂ ಕೆಟ್ಟವಳಲ್ಲ. ಒಂದೇ ಮನೆಯಲ್ಲಿ ಇರಲಿಕ್ಕೆ ಆಗಲಿಲ್ಲ, ಅಷ್ಟೆ. ವಾರ ಬಿಟ್ಟು ವಾರ ಶನಿವಾರ ಭಾವ ಕಾರಿನಲ್ಲಿ ತಲಪಾಡಿ ದಾಟಿ ಬಂದು ಮಗನನ್ನು ಕರೆದುಕೊಂಡು ಹೋಗುತ್ತಾರೆ. ಭಾನುವಾರ ಸಂಜೆ ಗೇಟಿನ ಹತ್ತಿರ ಬಿಟ್ಟು ಹೋಗುತ್ತಾರೆ. ಒಳಗೆ ಬರುವುದಿಲ್ಲ. ಅಮ್ಮ ಪ್ರತಿ ಸಲ ಚಾ ಮಾಡಿಟ್ಟಿರುತ್ತಾರೆ, ಅದನ್ನು ನಾನೇ ಕುಡಿಯುತ್ತೇನೆ.

ಹುಡುಗ ಮೂರು ವರ್ಷಕ್ಕೇ ಚಡ್ಡಿ ಒದ್ದೆ ಮಾಡುವುದು ಬಿಟ್ಟಿದ್ದ. ರಾತ್ರಿಯೂ ಇಲ್ಲ. ಇಲ್ಲಿಗೆ ಬಂದ ಹೊಸತರಲ್ಲೂ ಏನೂ ಇರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಯಿತು. ಪ್ರವೇಶೋತ್ಸವ, ಬಲೂನು, ಬಣ್ಣದ ಕಾಗದದ ಟೊಪ್ಪಿ, ಪಾಯಸ. ಕನ್ನಡ ಮಾಧ್ಯಮದ ಒಂದನೇ ಕ್ಲಾಸು. ಆ ವಾರವೇ ಒಂದು ಬೆಳಿಗ್ಗೆ ಹಾಸಿಗೆ ಒದ್ದೆ. "ನೀರು ಚೆಲ್ಲಿದ್ದು ಮಾವ" ಅಂದ. ಹಾಸಿಗೆಯ ಹತ್ತಿರ ಲೋಟವೇ ಇರಲಿಲ್ಲ. ಆದರೂ ಹೌದು ಅಂದೆ. ಮತ್ತೆ ದಿನ ಬಿಟ್ಟು ದಿನ ನೀರು ಚೆಲ್ಲತೊಡಗಿತು. ಆಮೇಲೆ ಹಗಲೂ ಶುರುವಾಯಿತು. ಆಮೇಲೆ ಚಡ್ಡಿಯಲ್ಲಿ ಕಲೆ. ಕಲೆಯಾದ ಚಡ್ಡಿಗಳು ಕೊಟ್ಟಿಗೆಯ ಹಿಂದೆ ತೆಂಗಿನ ಸಿಪ್ಪೆಯ ರಾಶಿಯಲ್ಲಿ ಸಿಗತೊಡಗಿದವು. ಅಷ್ಟು ಸಣ್ಣ ಮಗು ಮಳೆಯಲ್ಲಿ ಅಲ್ಲಿವರೆಗೆ ಹೋಗಿ ಬಚ್ಚಿಟ್ಟು ಬರಬೇಕಾದರೆ ಎಷ್ಟು ನಾಚಿಕೆ ಆಗಿರಬೇಕು, ನೀವೇ ಯೋಚನೆ ಮಾಡಿ.

ಊರಿಗೆ ಊರೇ ಡಾಕ್ಟರಾಯಿತು. ಅಮ್ಮನ ಪ್ರಕಾರ ಹೆದರಿಕೆ. ಒಂದು ನೂಲು ಕಟ್ಟಿಸಿದರು. ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿಕೊಂಡರು. ಅದರಲ್ಲಿ ನನ್ನದೇನೂ ತಕರಾರಿಲ್ಲ, ಹುಡುಗನೂ ಆ ಅಪ್ಪವನ್ನು ಖುಷಿಯಲ್ಲಿ ತಿಂದ. ತಕರಾರು ಇದ್ದದ್ದು ಬೇರೆಯವರ ಮಾತಿಗೆ. ಒಂದು ಉತ್ತರಕ್ರಿಯೆಯ ಊಟದ ಪಂಕ್ತಿಯಲ್ಲಿ ದೂರದ ಸಂಬಂಧದ ಒಬ್ಬರು, ಹುಡುಗ ಪಕ್ಕದಲ್ಲೇ ಕೂತಿರುವಾಗ, "ಇಷ್ಟು ದೊಡ್ಡವ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದಾ? ನಾನಾದರೆ ಒಂದು ಬರೆ ಎಳೆಯುತ್ತಿದ್ದೆ" ಅಂದರು. ಇನ್ನೊಬ್ಬರು ದನಿ ತಗ್ಗಿಸಿ, "ಅಪ್ಪ ಹತ್ತಿರ ಇಲ್ಲ ಅಲ್ವಾ, ಹಾಗೆಯೇ ಆಗುವುದು" ಅಂದರು. ತಂಗಿ ಅರ್ಧ ಊಟದಲ್ಲಿ ಎದ್ದು ಕೈ ತೊಳೆದಳು.

ಇನ್ನು ತಂಗಿಯ ವಕೀಲರು. ಮಗ ಯಾರ ಹತ್ತಿರ ಇರಬೇಕು ಎಂಬುದರ ಕೇಸು. 1956ರ ಹಿಂದೂ ಮೈನಾರಿಟಿ ಮತ್ತು ಗಾರ್ಡಿಯನ್‌ಶಿಪ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಅಳಿಯನಿಗೆ ಐದು ದಾಟಿದೆ. ಕೊನೆಗೆ ಕೋರ್ಟು ನೋಡುವುದು ಮಗುವಿನ ಹಿತವನ್ನು, 13ನೇ ಸೆಕ್ಷನ್ ಹೇಳುವುದೂ ಅದನ್ನೇ. ಹಾಗಾಗಿ ವಕೀಲರು ತಂಗಿಗೆ ಹೇಳಿದರು, "ಯಾವ ದಿನ ಒದ್ದೆ ಮಾಡಿದ, ಅದರ ಹಿಂದೆ ತಂದೆಯ ಮನೆಗೆ ಹೋಗಿದ್ದನಾ ಅಂತ ತಾರೀಕು ಹಾಕಿ ಬರೆದಿಡಿ. ಉಪಯೋಗ ಆಗ್ತದೆ."

ನನಗೆ ಆ ಮಾತು ಹಿಡಿಸಲಿಲ್ಲ. ಆದರೆ ಬರೆಯುವ ಕೆಲಸ ನನ್ನ ತಲೆಗೇ ಬಂತು. ಡಿಟಿಪಿಯವನ ಮನೆಯಲ್ಲಿ ಬೇರೆ ಯಾರು ಬರೆಯುತ್ತಾರೆ? ಕಂಪ್ಯೂಟರಿನಲ್ಲಿ ಕಾಲಂ ಹಾಕಿ, ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡ್ ಮಾಡಿದೆ. ತಾರೀಕು, ರಾತ್ರಿ, ಹಗಲು, ಮಂಗಳೂರು. ಅಮ್ಮ ಇಣುಕಿ ನೋಡಿ, "ಹೊಟ್ಟೆ ಹೋದದ್ದಕ್ಕೆ ಜಾಗ ಎಲ್ಲಿ?" ಅಂದರು. ಅಜ್ಜಿಯಂದಿರಿಗೆ ಮೊಮ್ಮಕ್ಕಳ ಹೊಟ್ಟೆ ಬಿಟ್ಟು ಬೇರೆ ಚಿಂತೆ ಉಂಟಾ? ಸರಿ ಅಂತ ಇನ್ನೊಂದು ಕಾಲಂ ಸೇರಿಸಿದೆ. ಮೇಲೆ "ಕಕ್ಕ" ಅಂತ ಟೈಪ್ ಮಾಡಿದೆ. ನಮ್ಮನ್ನು ಉಳಿಸಿದ್ದು ಆ ಕಾಲಂ.

ತಂಗಿಯ ಹಟಕ್ಕೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತ ಹಲವರು ಹೇಳಿದ್ದರು. ತಂಗಿ ಮೊದಲು ದೇಹ ನೋಡಲಿ ಅಂದಳು. ಡಾಕ್ಟರಮ್ಮ ಅಪ್ಪ ಎಲ್ಲಿ, ಅಮ್ಮ ಎಲ್ಲಿ ಅಂತ ಶುರು ಮಾಡಲಿಲ್ಲ. ಮೊದಲ ಪ್ರಶ್ನೆಯೇ, "ಕಕ್ಕಕ್ಕೆ ಯಾವಾಗ ಹೋದದ್ದು? ಗಟ್ಟಿಯಾ?" ತಂಗಿ ನನ್ನ ಮುಖ ನೋಡಿದಳು. ನಾನು ಪುಸ್ತಕ ಕೊಟ್ಟೆ.

ಅವರು ಒಂದೊಂದೇ ಪುಟ ನೋಡಿದರು. ಬೆರಳು ಮಾತ್ರ ಕೊನೆಯ ಕಾಲಂನಲ್ಲೇ ಇಳಿಯುತ್ತಿತ್ತು. ಸಾಲಾಗಿ ನಾಲ್ಕು ಮನೆ ಖಾಲಿ. ಆಮೇಲೆ ಒಂದು ಟಿಕ್, ಪಕ್ಕದಲ್ಲಿ ಅಮ್ಮ ಹೇಳಿ ಬರೆಸಿದ ಷರಾ, "ಆಡಿನ ಹಿಕ್ಕೆಯ ಹಾಗೆ". ಮತ್ತೆ ಖಾಲಿ. ಖಾಲಿ ಮನೆಗಳು ಜಾಸ್ತಿಯಾದ ಕಡೆಯೇ ಒದ್ದೆ ರಾತ್ರಿಗಳೂ ಗುಂಪಾಗಿ ಕೂತಿದ್ದವು. ಮಂಗಳೂರಿಗೆ ಹೋಗದ ವಾರಗಳಲ್ಲೂ ಅಷ್ಟೇ ಒದ್ದೆ. ವಕೀಲರಿಗೆ ಬೇಕಾದ ಸಾಕ್ಷಿ ಆ ಪುಸ್ತಕದಲ್ಲಿ ಇರಲೇ ಇಲ್ಲ.

ಆಮೇಲೆ ಹುಡುಗನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಎಡಗಡೆ ಕೆಳಗೆ ಗಟ್ಟಿ ಗಟ್ಟಿ ಗಂಟು. ನನ್ನ ಕೈಯನ್ನೂ ಇಡಿಸಿ ತೋರಿಸಿದರು. ಹೊಟ್ಟೆಯೊಳಗೆ ಕಲ್ಲು ತುಂಬಿದ್ದ ಹಾಗೆ ಉಂಟಲ್ಲ, ಇದನ್ನು ಹೊತ್ತುಕೊಂಡು ಶಾಲೆಗೆ ಹೋಗುತ್ತಿದ್ದನಲ್ಲ ಅಂತ ಅನಿಸಿತು.

ಅವರು ವಿವರಿಸಿದ್ದು ಹೀಗೆ. ಮಗು ಯಾವುದೋ ಕಾರಣಕ್ಕೆ ಕಕ್ಕ ತಡೆದುಕೊಳ್ಳುತ್ತದೆ. ತಡೆದುಕೊಂಡಷ್ಟು ಅದರ ನೀರು ಹೀರಿ ಹೋಗಿ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಬರುವಾಗ ನೋವು. ನೋವಾಯಿತು ಅಂತ ಇನ್ನಷ್ಟು ತಡೆದುಕೊಳ್ಳುತ್ತದೆ. ಕರುಳಿನ ಕೊನೆಯ ಭಾಗ ತುಂಬಿ ಹಿಗ್ಗಿ, ಎದುರಿಗೇ ಇರುವ ಮೂತ್ರಕೋಶವನ್ನು ಒತ್ತುತ್ತದೆ. ಮೂತ್ರಕೋಶಕ್ಕೆ ಹಿಗ್ಗಲಿಕ್ಕೆ ಜಾಗ ಇಲ್ಲ, ಹಾಗಾಗಿ ಉಚ್ಚೆ ತಡೆಯಲಿಕ್ಕೆ ಆಗುವುದಿಲ್ಲ. ಇನ್ನು ಚಡ್ಡಿಯ ಕಲೆ. ಗಟ್ಟಿಯಾಗಿ ಕೂತದ್ದರ ಸುತ್ತಲಿನಿಂದ ತೆಳುವಾದದ್ದು ಸೋರುತ್ತದೆ. ಮನೆಯವರು ಬೇಧಿ ಅಂತ ತಿಳಿದು ಬೇಧಿ ನಿಲ್ಲುವ ಮದ್ದು ಕೊಟ್ಟುಬಿಡುವುದೂ ಉಂಟಂತೆ. ಹಿಗ್ಗಿದ ಕರುಳಿಗೆ ಸ್ಪರ್ಶ ಕಮ್ಮಿಯಾಗಿರುತ್ತದೆ. ಸೋರಿದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ. "ಇವ ಬೇಕಂತ ಮಾಡುವುದಲ್ಲ. ಗೊತ್ತಾದರೆ ಅಲ್ವಾ ಓಡಲಿಕ್ಕೆ?" ಅಂದರು. ತಂಗಿ ಅಲ್ಲೇ ಅತ್ತಳು.

ಹಾಗಾದರೆ ಅಪ್ಪ ಅಮ್ಮ ಬೇರೆಯಾದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲವಾ? ನಾನು ಕೇಳಿದೆ. ಉಂಟು ಅಂದರು. ಆರು ತಿಂಗಳಿಗಿಂತ ಜಾಸ್ತಿ ಒಣಗಿದ್ದ ಮಗು ಮತ್ತೆ ಒದ್ದೆ ಮಾಡಲಿಕ್ಕೆ ಶುರು ಮಾಡಿದರೆ ಅವರು ಎರಡನ್ನೂ ನೋಡುತ್ತಾರೆ. ಮನೆಯಲ್ಲಿ ಏನಾದರೂ ಬದಲಾಯಿತಾ, ದೇಹದಲ್ಲಿ ಏನಾದರೂ ಆಯಿತಾ. ಅಪ್ಪ ಅಮ್ಮ ಬೇರೆಯಾಗುವುದು, ತಮ್ಮನೋ ತಂಗಿಯೋ ಹುಟ್ಟುವುದು, ಹೊಸ ಶಾಲೆ, ಇದರಲ್ಲಿ ಯಾವುದಾದರೂ ಒಂದು ಸಾಕು. ಉಚ್ಚೆಯಲ್ಲಿ ಸೋಂಕು ಇದ್ದರೂ ಹೀಗಾಗುತ್ತದೆ, ಸಕ್ಕರೆ ಕಾಯಿಲೆಯ ಮೊದಲ ಗುರುತೂ ಇದೇ ಆಗಿರಬಹುದು. ಅದಕ್ಕೆ ಅದೇ ದಿನ ಉಚ್ಚೆ ಪರೀಕ್ಷೆ ಮಾಡಿಸಿದರು. ಎರಡೂ ಇರಲಿಲ್ಲ. ಮಗು ವಿಪರೀತ ನೀರು ಕುಡಿಯುತ್ತಾ, ಮತ್ತೆ ಮತ್ತೆ ಉಚ್ಚೆಗೆ ಹೋಗುತ್ತಾ ತೂಕ ಇಳಿಯುತ್ತಿದ್ದರೆ ಒಂದು ದಿನವೂ ಕಾಯಬೇಡಿ ಅಂತ ಹೇಳಿ ಕಳಿಸಿದರು. ಇದನ್ನು ಓದುವವರಿಗೂ ಅದು ಇರಲಿ.

ತಡೆದುಕೊಳ್ಳಲಿಕ್ಕೆ ಕಾರಣ ಹುಡುಕುವ ಕೆಲಸ ನಮ್ಮದು. ನನಗೆ ಜಾಸ್ತಿ ಹುಡುಕಬೇಕಾಗಿ ಬರಲಿಲ್ಲ. ಮಂಗಳೂರಿನ ಫ್ಲ್ಯಾಟಿನಲ್ಲಿ ಕಮೋಡು, ಬೆಳಕು, ಮಲಗುವ ಕೋಣೆಗೆ ಅಂಟಿಕೊಂಡೇ ಬಾತ್‌ರೂಮು. ನಮ್ಮದು ತೋಟದ ಬದಿಯಲ್ಲಿ ಅಪ್ಪನ ಕಾಲದ ಕಕ್ಕಸು. ಕೆಂಪು ಕಲ್ಲಿನ ಗೋಡೆ, ಒಂದು ಸಣ್ಣ ಕಿಂಡಿ, ಲೈಟಿಲ್ಲ. ನಮಗೆ ಟಾರ್ಚು ಸಾಕು, ಅಭ್ಯಾಸ. ಒಂದು ಸಂಜೆ ಹುಡುಗನನ್ನು ಕರೆದುಕೊಂಡು ಹೋಗಿ ಅವನ ಎತ್ತರಕ್ಕೆ ನಾನೂ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಕಾಲಿಡುವ ಜಾಗಗಳ ನಡುವಿನ ಅಂತರ ದೊಡ್ಡವರಿಗೆ ಸರಿ. ಅವನು ಅಲ್ಲಿ ಕಾಲಿಟ್ಟರೆ ತೊಡೆ ನಡುಗುತ್ತದೆ. ಹಿಂದಕ್ಕೆ ವಾಲಿದರೆ ಹಿಡಿದುಕೊಳ್ಳಲಿಕ್ಕೆ ಏನೂ ಇಲ್ಲ. ಮೂಲೆಯಲ್ಲಿ ಒಂದು ಕಪ್ಪೆ, ಅದು ಅಲ್ಲಿಯ ಖಾಯಂ ನಿವಾಸಿ. ಹೊರಗೆ ಮಳೆ ಧೋ ಅಂತ. "ಬೀಳ್ತೇನೆ ಮಾವ" ಅಂದ. "ಎಲ್ಲಿಗೆ ಬೀಳ್ತೀ?" "ಒಳಗೆ." ಇಷ್ಟು ದಿನ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಮ್ಮ ಇನ್ನಷ್ಟು ಬೇಜಾರು ಮಾಡ್ತಾಳೆ, ಅಮ್ಮ ಮೊದಲೇ ಅಳ್ತಾ ಇರ್ತಾಳೆ ಅಂತ ಆಮೇಲೆ ಅಜ್ಜಿಯ ಹತ್ತಿರ ಹೇಳಿದನಂತೆ. ಬೇರೆಯಾದ ಮನೆಯ ಮಕ್ಕಳು ದೊಡ್ಡವರ ಮುಖ ನೋಡಿ ತಮ್ಮ ಕಷ್ಟವನ್ನು ಒಳಗೇ ಇಟ್ಟುಕೊಳ್ಳುತ್ತಾರೆ. ಇವ ಬೇರೆಯದನ್ನೂ ಒಳಗೇ ಇಟ್ಟುಕೊಂಡ.

ಮರುದಿನವೇ ಇಲೆಕ್ಟ್ರಿಶನ್ನನ್ನು ಕರೆಸಿ ಕಕ್ಕಸಿಗೆ ಲೈನು ಎಳೆಸಿದೆ. ಸ್ವಿಚ್ಚನ್ನು ಹುಡುಗನ ಕೈಗೆ ಎಟಕುವಲ್ಲಿ ಹಾಕಿ ಅಂದಾಗ ಅವನು ವಿಚಿತ್ರವಾಗಿ ನೋಡಿದ. ಎದುರಿನ ಗೋಡೆಗೆ ಒಂದು ಜಿಐ ಪೈಪಿನ ಹಿಡಿ. ಪ್ಯಾನಿನ ಎರಡು ಬದಿಗೂ ಹಲಗೆ ಇಟ್ಟು ಅಂತರ ಕಮ್ಮಿ ಮಾಡಿದ್ದಾಯಿತು. ನಿಜ ಹೇಳಬೇಕಾದರೆ ಕುಕ್ಕರಗಾಲಿನಲ್ಲಿ ಕೂರುವುದು ಕಕ್ಕಕ್ಕೆ ಒಳ್ಳೆಯದೇ ಅಂತೆ, ದಾರಿ ನೇರ ಆಗುತ್ತದೆ. ಕಮೋಡಿನಲ್ಲಿ ಕೂತರೆ ಮಕ್ಕಳ ಕಾಲು ನೇತಾಡುತ್ತದೆ, ಮುಕ್ಕಲಿಕ್ಕೆ ಬಲ ಸಿಗುವುದಿಲ್ಲ, ಕಾಲ ಕೆಳಗೆ ಏನಾದರೂ ಇಡಬೇಕು. ಕಪ್ಪೆಯನ್ನು ತೋಟಕ್ಕೆ ಬಿಟ್ಟೆವು. ಅದು ವಾಪಸು ಬಂತು. ಈಗ ಅದಕ್ಕೆ ಹುಡುಗನೇ ಒಂದು ಹೆಸರಿಟ್ಟಿದ್ದಾನೆ.

ಮದ್ದು ಅಂದರೆ ನೀರಿಗೆ ಹಾಕಿ ಕುಡಿಸುವ ಒಂದು ಪುಡಿ, ಪಾಲಿಎಥಿಲಿನ್ ಗ್ಲೈಕಾಲ್ ಅಂತ. ಅದು ಕರುಳಿನಲ್ಲಿ ನೀರು ಹಿಡಿದಿಟ್ಟು ಮೆತ್ತಗೆ ಮಾಡುತ್ತದೆ. ಮೊದಲು ಜಾಸ್ತಿ ಪ್ರಮಾಣ, ತುಂಬಿದ್ದೆಲ್ಲ ಖಾಲಿಯಾಗುವವರೆಗೆ. ಆ ದಿನಗಳ ಬಗ್ಗೆ ಬರೆಯದೆ ಇರುವುದೇ ವಾಸಿ. ಆಮೇಲೆ ಕಮ್ಮಿ ಪ್ರಮಾಣ, ಆದರೆ ದಿನಾ, ತಿಂಗಳುಗಟ್ಟಲೆ. ಸರಿಯಾಯಿತು ಅಂತ ಬೇಗ ನಿಲ್ಲಿಸಿದರೆ ಹಿಗ್ಗಿದ ಕರುಳು ಮತ್ತೆ ತುಂಬುತ್ತದೆ. ಅಮ್ಮ ಹರಳೆಣ್ಣೆ ಕೊಡುವಾ ಅಂದರು, ಡಾಕ್ಟರಮ್ಮ ಬೇಡ ಅಂದರು. ಬಸಳೆ, ಪಪ್ಪಾಯಿ, ನೀರು ಇದಕ್ಕೆಲ್ಲ ಒಪ್ಪಿದರು, ಅದರಲ್ಲಿ ಅಮ್ಮನ ಮರ್ಯಾದೆ ಉಳಿಯಿತು. ತಿಂಡಿ ಅಥವಾ ಊಟ ಆದ ಸ್ವಲ್ಪ ಹೊತ್ತಿಗೆ ಕರುಳು ತಾನಾಗಿಯೇ ಕದಲುತ್ತದೆ. ಆ ಹೊತ್ತಿಗೆ ಐದು ನಿಮಿಷ ಕೂರಿಸಬೇಕು. ಬಂದರೂ ಸರಿ, ಬರದಿದ್ದರೂ ಸರಿ, ಹೊಗಳಬೇಕಾದದ್ದು ಕೂತದ್ದಕ್ಕೆ. ಬೈಯುವುದು, ನಾಚಿಕೆ ಮಾಡಿಸುವುದು ಪೂರ್ತಿ ಬಂದ್. ರಾತ್ರಿಯ ಒದ್ದೆಯ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಹೊಟ್ಟೆ ಸರಿಯಾಗಲಿ ಅಂದರು. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರಂತೆ. ಅಂದರೆ ಆ ಉತ್ತರಕ್ರಿಯೆಯ ಪಂಕ್ತಿಯಲ್ಲೂ ಯಾರದ್ದೋ ಮನೆಯ ಮಗು ಇತ್ತು. ಯಾರೂ ಬಾಯಿ ಬಿಡಲಿಲ್ಲ.

1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಡಾಕ್ಟರುಗಳು ಪ್ರಕಟಿಸಿದ ಒಂದು ಚಾರ್ಟು ಉಂಟು. ಕಕ್ಕದಲ್ಲಿ ಏಳು ನಮೂನೆ, ಒಂದು ಅಂದರೆ ಬಿಡಿ ಬಿಡಿ ಗಟ್ಟಿ ಉಂಡೆ, ಏಳು ಅಂದರೆ ಬರೀ ನೀರು. ನಾಲ್ಕು ಬಂದರೆ ಚಂದ. ಡಾಕ್ಟರಮ್ಮ ತೋರಿಸಿದ್ದನ್ನು ನಾನು ಬಣ್ಣದಲ್ಲಿ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿದೆ. ಮಾಡುವಾಗ ಅಂಗಡಿಗೆ ಬಂದ ಗಿರಾಕಿ ಒಬ್ಬರು "ಇದೆಂತ, ಹೊಸ ಬೇಕರಿಯ ನೋಟೀಸಾ?" ಅಂತ ಕೇಳಿದರು. ಅದು ಕಕ್ಕಸಿನ ಬಾಗಿಲ ಹಿಂದೆ ಅಂಟಿತು. ಈಗ ಅಳಿಯ ಅಲ್ಲಿಂದಲೇ ಕೂಗುತ್ತಾನೆ, "ಮಾವಾ, ಇವತ್ತು ನಾಲ್ಕು!" ಮನೆಗೆ ನೆಂಟರು ಬಂದಿದ್ದರೂ ಅಷ್ಟೇ.

ಶಾಲೆಯ ಟೀಚರಿಗೆ ತಂಗಿಯೇ ಹೋಗಿ ಹೇಳಿದಳು. ಬೆಲ್ಲು ಹೊಡೆಯುವವರೆಗೆ ಕಾಯಿಸಬೇಡಿ, ಎರಡು ಗಂಟೆಗೊಮ್ಮೆ ಕಳಿಸಿ, ಬ್ಯಾಗಿನಲ್ಲಿ ಇನ್ನೊಂದು ಚಡ್ಡಿ ಉಂಟು. ಟೀಚರು ಕಿರುಬೆರಳು ತೋರಿಸಿದರೆ ಸಾಕು, ಬಾಯಿಬಿಟ್ಟು ಕೇಳುವುದು ಬೇಡ ಅಂತ ಅವನಿಗೆ ಹೇಳಿಕೊಟ್ಟರಂತೆ. ಅಲ್ಲಿ ಅಷ್ಟಕ್ಕೇ ಮುಗಿಯಿತು.

ಉಳಿದದ್ದು ಭಾವ. ಪುಸ್ತಕದಲ್ಲಿ ಮಂಗಳೂರಿನ ದಿನಗಳೆಲ್ಲ ಗೆರೆ. ಅಲ್ಲಿ ಏನಾಗುತ್ತದೆ ಅಂತ ಡಾಕ್ಟರಮ್ಮ ಕೇಳಿದರೆ ತಂಗಿಯ ಹತ್ತಿರ ಉತ್ತರ ಇಲ್ಲ. ಅವರಿಬ್ಬರ ನಡುವೆ ಮಾತಿಲ್ಲ. ಪುಡಿಯನ್ನು ಆ ಎರಡು ದಿನ ಕೊಡದಿದ್ದರೆ ಎಲ್ಲ ವ್ಯರ್ಥ. ಆದರೆ ಹೇಳಿದರೆ, ನಿಮ್ಮ ಮನೆಯಲ್ಲಿ ನನ್ನ ಮಗನಿಗೆ ಹೀಗಾಯಿತು ಅಂತ ಅವರ ಕಡೆಯ ವಕೀಲರೂ ಬರೆದುಕೊಂಡರೆ? ತಂಗಿಯ ಭಯ ಅದು. ಸುಳ್ಳಲ್ಲ.

ನಾನು ಯೋಚನೆ ಮಾಡಿ, ತಂಗಿಗೆ ಹೇಳಿಯೇ, ಭಾವನಿಗೆ ಒಂದು ವಾಯ್ಸ್ ಕಳಿಸಿದೆ. "ಭಾವಾ, ಕೇಸಿನ ವಿಷಯ ಅಲ್ಲ. ಹುಡುಗನ ಹೊಟ್ಟೆಯ ವಿಷಯ" ಅಂತ ಶುರು ಮಾಡಿ ಎಲ್ಲ ಹೇಳಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ರಾತ್ರಿ ಫೋನೇ ಬಂತು. "ಅಲ್ಲಿಯೂ ಮಾಡ್ತಾನಾ? ನಾನು ಇಲ್ಲಿ ಮಾತ್ರ ಅಂತ ತಿಳ್ಕೊಂಡಿದ್ದೆ ಮಾರಾಯ."

ಅಲ್ಲಿಯ ಕಥೆ ಕೇಳಿದರೆ ನಮ್ಮದೇ ಕಥೆ. ಭಾನುವಾರ ಬೆಳಿಗ್ಗೆ ಹಾಸಿಗೆಯನ್ನು ಟೆರೇಸಿಗೆ ಹೊತ್ತುಕೊಂಡು ಹೋಗುವುದು, ಮಳೆ ಬಂದರೆ ಇಸ್ತ್ರಿಪೆಟ್ಟಿಗೆ. ಚಡ್ಡಿ ತೊಳೆದು, ಅರ್ಧ ಒಣಗಿದ್ದನ್ನೇ ಬ್ಯಾಗಿನ ಅಡಿಯಲ್ಲಿ ಇಟ್ಟು ಕಳಿಸುವುದು. ಬ್ಯಾಗಿನಲ್ಲಿ ನಮ್ಮದಲ್ಲದ ಸಾಬೂನಿನ ವಾಸನೆ ಬರುತ್ತಿದ್ದದ್ದು ನನಗೆ ಆಗ ಹೊಳೆಯಿತು. ಹೇಳಿದರೆ ಮಗನನ್ನು ಕಳಿಸುವುದೇ ನಿಲ್ಲಿಸುತ್ತಾರೆ ಅಂತ ಅವರ ಭಯ. ಎರಡು ಮನೆಯಲ್ಲೂ ಒಂದೇ ಹುಡುಗನ ಒಂದೇ ಕಷ್ಟವನ್ನು ಒಬ್ಬರಿಂದ ಒಬ್ಬರು ಬಚ್ಚಿಡುತ್ತಿದ್ದರು. ಹುಡುಗನೂ ಬಚ್ಚಿಡುತ್ತಿದ್ದ. ಅವನಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಈಗ ಶನಿವಾರ ಬ್ಯಾಗಿನಲ್ಲಿ ಪುಡಿಯ ಡಬ್ಬಿಯೂ ಸ್ಪೈರಲ್ ಪುಸ್ತಕವೂ ಹೋಗುತ್ತದೆ. ಮಂಗಳೂರಿನ ದಿನಗಳಲ್ಲಿ ಗೆರೆಯ ಬದಲು ಭಾವನ ಕೈಬರಹ. ಅವರದು ಇಂಗ್ಲಿಷ್ ಅಂಕಿ, ಸಣ್ಣ ಅಕ್ಷರ. ತಂಗಿ ಅದನ್ನು ಓದುತ್ತಾಳೆ, ಏನೂ ಹೇಳುವುದಿಲ್ಲ. ಒಂದು ಸಲ ಮಾತ್ರ "ಇವರು ಹಾಲು ಜಾಸ್ತಿ ಕೊಡ್ತಾರೆ, ಕಮ್ಮಿ ಮಾಡ್ಲಿಕ್ಕೆ ಹೇಳು ಅಣ್ಣ" ಅಂದಳು. ವಕೀಲರು ಪುಸ್ತಕ ಎಲ್ಲಿ ಅಂತ ಕೇಳಿದ್ದರು. ಪ್ರತಿ ತೆಗೆದು ಕೊಟ್ಟೆ. ಎರಡು ಪುಟ ತಿರುವಿ, ಇದರಿಂದ ನಮಗೆ ಎಂತ ಉಪಯೋಗ ಅಂತ ವಾಪಸು ಕೊಟ್ಟರು. ಕೇಸು ನಡೆಯುತ್ತಾ ಉಂಟು.

ಹುಡುಗ ಪೂರ್ತಿ ಸರಿಯಾಗಿದ್ದಾನೆ ಅಂತ ಹೇಳುವುದಿಲ್ಲ. ಹಗಲು ಒದ್ದೆ ಇಲ್ಲ, ಕಲೆ ಇಲ್ಲ. ರಾತ್ರಿ ಒಮ್ಮೊಮ್ಮೆ ಆಗುತ್ತದೆ. ಹಾಸಿಗೆಗೆ ರಬ್ಬರ್ ಶೀಟು ಹಾಕಿದ್ದೇವೆ, ಬಟ್ಟೆ ಬದಲಾಯಿಸುವಾಗ ಅವನೇ ಒಂದು ತುದಿ ಹಿಡಿಯುತ್ತಾನೆ. ಕೋರ್ಟಿನ ದಿನ ಹತ್ತಿರ ಬಂದಾಗ ತಂಗಿಯ ಮುಖ ಬಿಗಿಯುತ್ತದೆ, ಆ ವಾರ ಜಾಸ್ತಿ. ಪುಡಿಯ ಪ್ರಮಾಣ ಇಳಿಸಲಿಕ್ಕೆ ಇನ್ನೂ ಸಮಯ ಉಂಟು ಅಂತ ಡಾಕ್ಟರಮ್ಮ ಹೇಳಿದ್ದಾರೆ.

ಕಳೆದ ಸಲ ಮಂಗಳೂರಿನಿಂದ ಬಂದವನು ಗೇಟಿನಲ್ಲೇ ದೂರು ತಂದ. ಕಮೋಡಿನ ಎದುರು ಕಾಲಿಡಲಿಕ್ಕೆ ಅಪ್ಪ ಒಂದು ಮರದ ಮಣೆ ಮಾಡಿಸಿದ್ದಾರಂತೆ, ಆದರೆ ಅದು ಅಲ್ಲಾಡುತ್ತದಂತೆ. ಭಾವ ಇನ್ನೂ ಕಾರು ತಿರುಗಿಸಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಮಣೆಯ ಕಾಲಿಗೆ ರಬ್ಬರ್ ಬುಶ್ ಹಾಕಿಸಿ ಅಂತ ಹೇಳಿದೆ. ಎಷ್ಟು ಇಂಚಿನದು ಅಂತ ಕೇಳಿದರು. ಅಳತೆ ತೆಗೆದು ಫೋಟೋ ಕಳಿಸಿ, ಬದಿಯಡ್ಕದಲ್ಲಿ ಸಿಗ್ತದೆ, ನಾನೇ ತಂದಿಡ್ತೇನೆ ಅಂದೆ.